ಸೊಪ್ಪು ನನಗೆ, ಸಾರು ಅವರಿಗೆ

ಈ ಕಾಯಿಲೆ ವಾಸಿ ಆಗೋದಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. ವಾಸಿ ಆದ ಕತೆ ಬೇಕು ಅನ್ನೋರು ಇಲ್ಲಿಗೇ ನಿಲ್ಲಿಸಿ ಬೇರೆ ಏನಾದ್ರೂ ಓದ್ಕೊಳ್ಳಿ. ನನ್ನ ಎರಡು ಕಿಡ್ನಿನೂ ಕೆಲಸ ಬಿಟ್ಟಿವೆ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ಮಿಷನ್ನಿಗೆ ರಕ್ತ ಕೊಟ್ಟು, ತೊಳೆಸಿ, ವಾಪಸ್ ತಗೊಂಡು ಬರ್ತೀನಿ. ಇರೋ ತನಕ ಹೀಗೇ. ಆದರೂ ಬದುಕಿದ್ದೀನಿ, ಉಣ್ತಾ ಇದ್ದೀನಿ. ಊಟ ಬಿಟ್ಟಿದ್ದೋಳು ಮತ್ತೆ ಉಣ್ಣೋಕೆ ಶುರು ಮಾಡಿದ್ದು ಹೆಂಗೆ, ಅದರಲ್ಲಿ ಎಲ್ಲಿ ಎಡವಿ ಸಾಯೋಕೆ ಹೋಗಿದ್ದೆ, ಅಷ್ಟನ್ನೇ ಬರೀತೀನಿ.

ನನ್ನ ಹೆಸರು ಪಿಳ್ಳಮ್ಮ. ಅನುಗೊಂಡನಹಳ್ಳಿ ಹತ್ತಿರ ಒಂದು ಹಳ್ಳಿ ನಮ್ಮದು. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ನಮ್ಮಪ್ಪ ನನ್ನ ಸೊಪ್ಪಿನ ಮಡಿಗೆ ಇಳಿಸಿದ. ಮದುವೆ ಆಗಿ ಬಂದ ಮನೇಲೂ ಸೊಪ್ಪೇ. ಕೊತ್ತಂಬರಿ, ದಂಟು, ಸಬ್ಬಸಿಗೆ, ಮೆಂತ್ಯ. ಕಿತ್ತು, ಕಟ್ಟು ಕಟ್ಟಿ, ನೀರು ಚಿಮುಕಿಸಿ, ಟೆಂಪೋಗೆ ಹಾಕಿ ಹೊಸಕೋಟೆಗೆ ಕಳಿಸೋದು. ಗಂಡ ಹೋದ ಮೇಲೂ ಮಡಿ ಬಿಡಲಿಲ್ಲ. ಬಿಡಿಸಿದ್ದು ಈ ಕಾಯಿಲೆ. ಈಗ ಹೊಲ ಮೈದುನ ಮಾಡ್ತಾನೆ.

ಕಾಲು ಊದ್ತಿತ್ತು. ಮಡೀಲಿ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಕೀಳೋಳಿಗೆ ಕಾಲು ಊದದೆ ಇನ್ನೇನಾಗ್ತದೆ ಅಂದ್ಕೊಂಡೆ. ಆಮೇಲೆ ಮುಖ ಊದಿತು. ಬಿಕ್ಕಳಿಕೆ ಹಿಡಿದ್ರೆ ದಿನಗಟ್ಟಲೆ ಬಿಡ್ತಿರಲಿಲ್ಲ. ಯಾರೋ ನೆನೆಸ್ಕೊಳ್ತಿದ್ದಾರೆ ಅಂದ್ಲು ನನ್ನ ಓರಗಿತ್ತಿ. ಅಷ್ಟೊಂದು ನೆನೆಸ್ಕೊಳ್ಳೋರು ನನಗೆ ಯಾರಿದ್ದಾರೆ? ಕೊನೆಗೆ ಒಗ್ಗರಣೆ ವಾಸನೆಗೇ ವಾಂತಿ ಬರೋ ಹಾಗಾಯ್ತು. ಬಾಯಲ್ಲಿ ಯಾವಾಗಲೂ ತುಕ್ಕು ಹಿಡಿದ ಮೊಳೆ ಇಟ್ಕೊಂಡ ಹಾಗೆ. ಆಗ ನನ್ನ ಮಗ ಮಂಜ ಊರಿಗೆ ಬಂದು, ಬೈಕಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದ. ಮಂಜ ಪಿಲ್ಲಗುಂಪೆ ಕಡೆ ಒಂದು ಫ್ಯಾಕ್ಟರೀಲಿ ಕೆಲಸ ಮಾಡ್ತಾನೆ, ಹೊಸಕೋಟೇಲಿ ಬಾಡಿಗೆ ಮನೆ.

ರಿಪೋರ್ಟಿಗೆ ಕಾಯೋ ಬೆಂಚು ಕಬ್ಬಿಣದ್ದು, ತೂತು ತೂತು. ಕೂತು ಕೂತು ಆ ತೂತೆಲ್ಲ ತೊಡೆ ಮೇಲೆ ಅಚ್ಚೊತ್ತಿದ್ವು. ಅಲ್ಲಿ ಯಾರೂ ಯಾರ ಮುಖಾನೂ ನೋಡಲ್ಲ. ಎಲ್ರೂ ಬಾಗಿಲು ನೋಡ್ತಿರ್ತಾರೆ. ಕೊನೆಗೆ ನನ್ನ ಬಿಟ್ಟು ಮಂಜನ್ನ ಒಬ್ಬನ್ನೇ ಒಳಗೆ ಕರೆದ್ರು. ಅಲ್ಲೇ ಗೊತ್ತಾಯ್ತು ನನಗೆ. ಹಸು ಮಾರೋವಾಗ ಹಸುನ ಕೇಳ್ತಾರಾ? ನಾನೂ ಎದ್ದು ಹಿಂದೇನೇ ಹೋದೆ.

"ನಂದು ನನಗೇ ಹೇಳಿ" ಅಂದೆ.

ಡಾಕ್ಟ್ರು ಚಿಕ್ಕ ಹುಡುಗ. ಕನ್ನಡಕ ತೆಗೆದು ಒರೆಸ್ಕೊಂಡು, "ಅಜ್ಜಿ, ಎರಡೂ ಕಿಡ್ನಿ ಹೋಗಿವೆ. ಬಿ.ಪಿ. ಬಹಳ ವರ್ಷದಿಂದ ಇದ್ದಿರಬೇಕು, ನಿಮಗೆ ಗೊತ್ತಾಗಿಲ್ಲ" ಅಂದ್ರು.

"ಮಾತ್ರೆ ಕೊಡಿ ಮತ್ತೆ."

"ಮಾತ್ರೆಯಲ್ಲಿ ಆಗಲ್ಲ ಅಜ್ಜಿ. ಡಯಾಲಿಸಿಸ್ ಮಾಡಿಸ್ಬೇಕು."

"ಎಷ್ಟು ದಿನ?"

ಅವರು ಮಂಜನ್ನ ನೋಡಿದ್ರು. ಮಂಜ ಗೋಡೆ ನೋಡಿದ. ನನಗೆ ಉತ್ತರ ಸಿಕ್ಕಿತು.

ಆಚೆ ಟೀ ಅಂಗಡೀಲಿ ಮಂಜ ಗ್ಲಾಸು ಹಿಡ್ಕೊಂಡು ನಿಂತು ಅಳೋಕೆ ಶುರು ಮಾಡಿದ. ಅಷ್ಟು ದೊಡ್ಡ ಗಂಡಸು, ಮೀಸೆ ಬೇರೆ. "ಸುಮ್ನಿರೋ, ಟೀ ಆರ್ತದೆ" ಅಂದೆ. ಹೆದರಿಕೆ ಆಗಲಿಲ್ಲವಾ ಅಂತ ಈಗ ಕೇಳ್ತಾರೆ. ಆಗಿತ್ತು. ನನ್ನ ಟೀ ಅರ್ಧ ಸೀರೆ ಮೇಲೆ ಚೆಲ್ಲಿತ್ತು. ಮಂಜ ನೋಡಲಿಲ್ಲ, ಅಷ್ಟೆ.

ಮಿಷನ್ನಿನ ಸೂಜಿ ಹಾಕೋಕೆ ಅಂತ ಎಡಗೈಲಿ ನರ ಜೋಡಿಸಿ ಹೊಲಿದ್ರು. ಅಲ್ಲಿ ಬೆರಳಿಟ್ರೆ ಒಳಗೊಂದು ಜೀರುಂಡೆ ಸಿಕ್ಕಿಕೊಂಡ ಹಾಗೆ ಗುಂಯ್ ಅಂತದೆ. ಆ ಗುಂಯ್ ನಿಂತ್ರೆ ತಕ್ಷಣ ಓಡಿ ಬರ್ಬೇಕು, ಆ ಕೈಲಿ ಬಿಂದಿಗೆ ಗಿಂದಿಗೆ ಎತ್ತಬಾರದು ಅಂದ್ಲು ಶೋಭ. ಶೋಭ ಅಂದ್ರೆ ನಮಗೆಲ್ಲ ಸೂಜಿ ಹಾಕೋ ನರ್ಸು. ಮೊದಲನೇ ದಿನ ನನ್ನ ರಕ್ತ ಪೈಪಲ್ಲಿ ನನ್ನ ಬಿಟ್ಟು ಆಚೆ ಹೋಗಿ ಸುತ್ತಾಡ್ತಿರೋದು ನೋಡಿ ಕಣ್ಣು ಮುಚ್ಕೊಂಡೆ. ಪಕ್ಕದ ಹಾಸಿಗೆಯಿಂದ ಒಂದು ಗಂಡು ದನಿ ಬಂತು.

"ನೋಡಬೇಡಮ್ಮ. ಮೇಲೆ ಫ್ಯಾನ್ ನೋಡು. ನಾನು ಎರಡು ವರ್ಷದಿಂದ ಅದೇ ಫ್ಯಾನ್ ನೋಡ್ತಿದ್ದೀನಿ. ಒಂದು ರೆಕ್ಕೆ ಸೊಟ್ಟ."

ನೋಡಿದೆ. ಸೊಟ್ಟನೇ ಇತ್ತು.

ಅವರು ಗೌಸ್ ಸಾಬ್ರು. ಟೈಲರ್. ಮಲಗಿದ್ದಲ್ಲೇ ಬಂದೋರ ಹೋದೋರ ಬಟ್ಟೆ ನೋಡಿ, ಈ ಜುಬ್ಬ ಹೊಲಿದೋನಿಗೆ ಕತ್ತು ಎಲ್ಲಿದೆ ಅಂತ ಗೊತ್ತಿಲ್ಲ, ಆ ರವಿಕೆ ತೋಳು ತಿರುಗಾಮುರುಗಾ ಆಗಿದೆ ಅಂತ ಹೇಳೋರು. ಅವರು ಇರೋ ದಿನ ಮಿಷನ್ನಿನ ಹೊತ್ತು ಬೇಗ ಸರೀತಿತ್ತು.

ಊರು ಬಿಟ್ಟು ಮಂಜನ ಮನೆಗೇ ಬಂದೆ. ಊರಿಂದ ಬಸ್ಸಲ್ಲಿ ಓಡಾಡಿ ಈ ಕೆಲಸ ಆಗಲ್ಲ. ಅಲ್ಲಿಂದ ಶುರುವಾಯ್ತು ಊಟದ ಜಗಳ. ಉಪ್ಪು ಬೇಡ. ನೀರು ದಿನಕ್ಕೆ ಒಂದು ಚೊಂಬು, ಅದರಲ್ಲೇ ಕಾಫಿ, ಮಜ್ಜಿಗೆ, ಸಾರು ಎಲ್ಲಾ ಲೆಕ್ಕ. ಬಾಳೆಹಣ್ಣು ಬೇಡ. ಎಳನೀರು ಬೇಡವೇ ಬೇಡ, ಅದರಲ್ಲಿ ಇರೋ ಒಂಥರಾ ಉಪ್ಪು ನಮ್ಮಂಥೋರ ಎದೆ ನಿಲ್ಲಿಸ್ತದಂತೆ. ಅದಕ್ಕೆ ಶೋಭ ಪೊಟ್ಯಾಸಿಯಂ ಅಂತಾಳೆ. ಸೊಪ್ಪಲ್ಲೂ ಅದು ಬೇಕಾದಷ್ಟು ಇರ್ತದೆ ಅಂದ್ಲು. ನಾಲಿಗೆಗೆ ಗೊತ್ತಾಗದ ಉಪ್ಪು ಅದು. ನಾನು ಸೊಪ್ಪಿನ ಉಪ್ಪು ಅಂತಲೇ ಕರೀತೀನಿ.

ನಮ್ಮ ಕಡೆ ಕಾಯಿಲೆ ಮನೆಗೆ ಎಳನೀರು ಇಲ್ಲದೆ ಯಾರೂ ಬರಲ್ಲ. ಬಂದೋರೆಲ್ಲ ತಂದ್ರು. ಮಂಚದ ಕೆಳಗೆ ರಾಶಿ ಆಯ್ತು. ಬೇಡ ಅಂದ್ರೆ, "ಎಳನೀರು ಬೇಡ ಅನ್ನೋ ಡಾಕ್ಟ್ರು ಎಂಥಾ ಡಾಕ್ಟ್ರು?" ಅಂತ ಅವರೇ ಕೊಚ್ಚಿಸ್ಕೊಂಡು ಕುಡಿದು ಹೋಗೋರು. ನಾನು ಬಾಯಾರಿ ಕೂತು ನೋಡೋದು.

ಉಪ್ಪಿಲ್ಲದ ಅನ್ನ ಗಂಟಲಲ್ಲಿ ಇಳೀಲಿಲ್ಲ. ಒಂದೊಂದು ತುತ್ತು ಬಿಟ್ಟೆ, ಆಮೇಲೆ ಒಂದೊಂದು ಹೊತ್ತು ಬಿಟ್ಟೆ. ಸೊಸೆ ಸರೋಜ ಗಾರ್ಮೆಂಟ್ಸಿಗೆ ಹೋಗೋಳು. ಬೆಳಿಗ್ಗೆ ತಟ್ಟೆ ಮುಂದಿಟ್ಟು ಬ್ಯಾಗು ಹೆಗಲಿಗೆ ಹಾಕ್ಕೊಂಡೇ ನಿಂತಿರ್ತಿದ್ಲು.

"ಉಣ್ತೀರೋ ಇಲ್ಲವೋ ಅತ್ತೆ? ನನ್ನ ವ್ಯಾನ್ ಹೋಗ್ತದೆ."

"ಇದು ಊಟ ಅಲ್ಲ ಕಣೆ, ಗೋಡೆಗೆ ಬಳಿಯೋ ಸುಣ್ಣ."

"ಉಪ್ಪು ಹಾಕಿದ್ರೆ ಸಾಯ್ತೀರಿ."

"ಹಾಕದಿದ್ರೂ ಸಾಯ್ತೀನಿ."

"ಹಂಗಾದ್ರೆ ಭಾನುವಾರ ಸಾಯಿರಿ, ನನಗೆ ರಜಾ ಇರ್ತದೆ" ಅಂದು ದಡದಡ ಮೆಟ್ಟಿಲು ಇಳಿದು ಹೋದ್ಲು. ಕೆಟ್ಟವಳಲ್ಲ. ಬಾಯಿ ನನ್ನ ಹಾಗೇ.

ಮೈ ತೂಕ ಇಳೀತು. ಶೋಭ ನನ್ನ ತೋಳು ಹಿಡಿದು ನೋಡಿ, "ಅಜ್ಜಿ, ಹಿಂಗೆ ಊಟ ಬಿಟ್ರೆ ಮಿಷನ್ ಏನು ಮಾಡ್ತದೆ? ಅದು ಕೊಳೆ ತೆಗೀತದೆ, ಜೀವ ತುಂಬಲ್ಲ" ಅಂದ್ಲು. ನಾನು ಫ್ಯಾನ್ ನೋಡಿದೆ. ನಿಜ ಹೇಳ್ತೀನಿ, ಆಗ ನನಗೆ ಸಾಕಾಗಿತ್ತು. ಹೊಸದಾಗಿ ಇಲ್ಲಿಗೆ ಬಂದೋರಿಗೂ ಹೀಗೇ ಅನ್ಸಿರ್ತದೆ. ಅನ್ಸಿದ್ರೆ ನಾಚಿಕೆ ಪಡಬೇಡಿ, ಎಲ್ರಿಗೂ ಅನ್ಸುತ್ತೆ.

ಅವತ್ತು ಗೌಸ್ ಸಾಬ್ರು ಜೇಬಿಂದ ಒಂದು ಕಡ್ಡಿ ಪುದೀನ ತೆಗೆದು ನನ್ನ ಕಡೆ ಚಾಚಿದ್ರು. ಬಾಡಿ ಮೆತ್ತಗಾಗಿತ್ತು.

"ಮೂಸಮ್ಮ."

ಮೂಸಿದೆ. ತಿಂಗಳುಗಳಿಂದ ಮೂಗಿಗೆ ಸ್ಪಿರಿಟ್ಟು, ಪ್ಲಾಸ್ಟಿಕ್ಕು ಬಿಟ್ರೆ ಬೇರೆ ಏನೂ ಹೋಗಿರಲಿಲ್ಲ. ಬಾಯಲ್ಲಿ ನೀರು ಬಂತು. ಆ ಒಣ ಬಾಯಲ್ಲಿ!

"ನನ್ನ ಬೀಬಿ ಇದನ್ನ ಅರೆದು, ನಿಂಬೆಹಣ್ಣು ಹಿಂಡಿ ಅನ್ನದ ಮೇಲೆ ಇಡ್ತಾಳೆ. ಉಪ್ಪು ಮರೆತೇ ಹೋಗ್ತದೆ" ಅಂದ್ರು.

"ಸುಳ್ಳು ಹೇಳಬೇಡಿ ಸಾಬ್ರೇ."

"ಮರೆಯಲ್ಲ. ಆದರೆ ಅನ್ನ ಇಳೀತದೆ."

ಶೋಭನ ಕೇಳಿದೆ. "ಮೇಲೆ ಉದುರಿಸ್ಕೊಳ್ಳೋ ಅಷ್ಟು ಪರವಾಗಿಲ್ಲ ಅಜ್ಜಿ. ಪಲ್ಯ ಮಾಡಿ ತಿನ್ನೋದಾದ್ರೆ ಮಾತ್ರ ಸೊಪ್ಪು ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು ತಿನ್ನಿ. ಅದೂ ಅಪರೂಪಕ್ಕೆ" ಅಂದ್ಲು. ಹೂಂ ಅಂದೆ. ಬೇಯಿಸಿ ಬಸಿಯೋದನ್ನ ನನಗೆ ಹೇಳಿಕೊಡ್ಬೇಕಾ?

ಅಂಗಡಿ ಸೊಪ್ಪು ತಂದ್ರೆ ಎರಡು ದಿನಕ್ಕೆ ಕೊಳೀತದೆ, ನನಗೆ ಬೇಕಾಗಿರೋದು ದಿನಕ್ಕೆ ನಾಲ್ಕು ಎಲೆ. ಗಿಡವೇ ಹಾಕ್ಬೇಕು ಅಂದ್ಕೊಂಡೆ. ಜಾಗ ಎಲ್ಲಿದೆ? ಮಂಜನ ಮನೆ ಮೇಲಿನ ಮಹಡಿ. ಮೆಟ್ಟಿಲು ಹತ್ತಿ ಬಂದ್ರೆ ಬಾಗಿಲ ಮುಂದೆ ಒಂದು ಚಾಪೆ ಹಾಸೋ ಅಷ್ಟು ಜಾಗ. ಅದರಲ್ಲೇ ಖಾಲಿ ಸಿಲಿಂಡರು, ಚಪ್ಪಲಿ, ಒರೆಸೋ ಬಟ್ಟೆ. ಸಿಲಿಂಡರನ್ನ ಒಳಗೆ ತಳ್ಳಿಸಿದೆ. ಮಂಜ ಎಲ್ಲಿಂದಲೋ ಮೂರು ಪೇಂಟಿನ ಬಕೆಟ್ಟು ತಂದ. ಮೊಳೆ ಕಾಯಿಸಿ ತಳಕ್ಕೆ ತೂತು ಹಾಕಿದ. ಮೈದುನ ಹೊಲದ ಮಣ್ಣು ಒಂದು ಚೀಲ ಕಳಿಸಿದ.

ನನಗೆ ಕೊಬ್ಬು. ಎಕರೆಗಟ್ಟಲೆ ಸೊಪ್ಪು ಬೆಳೆದೋಳಿಗೆ ಬಕೆಟ್ಟು ಯಾವ ಲೆಕ್ಕ ಅಂತ. ಧನಿಯಾನ ನೆಲಕ್ಕೆ ಹಾಕಿ ಚಪ್ಪಲಿ ತಳದಲ್ಲಿ ಉಜ್ಜಿ, ಒಂದೊಂದು ಕಾಳು ಎರಡು ಹೋಳಾಗೋ ಹಾಗೆ ಮಾಡಿ ಬಿತ್ತಿದೆ. ಇಡೀ ಕಾಳು ಹಾಕಿದ್ರೆ ಹುಟ್ಟೋದು ನಿಧಾನ, ನಮ್ಮ ಕಡೆ ಹೀಗೇ ಮಾಡೋದು. ಹೊಲಕ್ಕೆ ಕೊಟ್ಟ ಹಾಗೆ ನೀರು ಕೊಟ್ಟೆ. ನಮ್ಮ ಕೆಂಪು ಮಣ್ಣು ಬಕೆಟ್ಟಲ್ಲಿ ಕೂತು ಇಟ್ಟಿಗೆ ಆಯ್ತು. ಮೇಲೆ ನೀರು ನಿಂತು ಬೀಜ ಕೊಳೀತು. ಕೆಳಗಿನ ಮನೆ ಓನರಮ್ಮ, ನಮ್ಮ ರಂಗೋಲಿ ಮೇಲೆ ನಿಮ್ಮ ಕೆಸರು ತೊಟ್ಟಿಕ್ಕುತ್ತೆ ಅಂತ ಕೂಗಿದ್ಲು. ಸರೋಜ ನಕ್ಕಿದ್ದೇ ನಕ್ಕಿದ್ದು. "ಸೊಪ್ಪಿನ ಪಿಳ್ಳಮ್ಮ ಬಕೆಟ್ಟಿಗೆ ಸೋತ್ರು!"

ಎರಡನೇ ಸಲ ಅರ್ಧ ಮಣ್ಣು, ಅರ್ಧ ತೆಂಗಿನ ನಾರಿನ ಪುಡಿ, ಒಂದು ಬೊಗಸೆ ತಿಪ್ಪೆಗೊಬ್ಬರ. ತಳಕ್ಕೆ ಹೆಂಚಿನ ಚೂರು. ನೀರು ಕೈಯಲ್ಲಿ ಚಿಮುಕಿಸೋದು ಮಾತ್ರ. ಬಿಸಿಲು ನಮ್ಮ ಬಾಗಿಲಿಗೆ ಬರೋದೇ ಸ್ವಲ್ಪ ಹೊತ್ತು, ಆಮೇಲೆ ಎದುರು ಬಿಲ್ಡಿಂಗು ತಿಂದುಬಿಡ್ತದೆ. ಅದಕ್ಕೆ ಬಕೆಟ್ಟುಗಳನ್ನ ಬಲಗೈಲೇ ಎಳೆದು ಎಳೆದು ಬಿಸಿಲು ಇರೋ ಕಡೆ ತಿರುಗಿಸ್ತಿದ್ದೆ. ಎಡಗೈ ಜೀರುಂಡೆಗೆ ಬಿಟ್ಟುಕೊಟ್ಟಿದ್ದಾಗಿತ್ತಲ್ಲ. ಗೌಸ್ ಸಾಬ್ರು ಆಮೇಲೆ ತಂದುಕೊಟ್ಟ ಪುದೀನ ಕಡ್ಡಿ ಲೋಟದ ನೀರಲ್ಲಿ ಬೇರು ಬಿಟ್ಟಿತು. ಎರಡು ಡಬ್ಬಕ್ಕೆ ನೆಟ್ಟೆ. ದೊಡ್ಡಪತ್ರೆ ಒಂದು ತುಂಡು ಚುಚ್ಚಿದೆ, ಅದಕ್ಕೆ ಮಣ್ಣೂ ಬೇಡ, ಮಾತೂ ಬೇಡ, ಬಂತು. ಕೊತ್ತಂಬರಿ ಹುಟ್ಟಿತು.

ಒಂದು ವಿಷಯ ಹೇಳ್ಬೇಕು. ಗಿಡಕ್ಕೆ ನೀರು ಹಾಕೋವಾಗ ನನ್ನ ಗಂಟಲು ಒಣಗ್ತಿತ್ತು. ಅದು ಕುಡಿಯೋ ಸದ್ದು ಕೇಳ್ತದೆ, ಮಣ್ಣು ಚುಳುಚುಳು ಅಂತದೆ. ನನಗೆ ದಿನಕ್ಕೆ ಒಂದು ಚೊಂಬು. ತಡೀಲಾರದೆ ಇದ್ದಾಗ ಬಾಯಿ ಮುಕ್ಕಳಿಸಿ, ನುಂಗದೆ, ಮೂಲೆ ಪುದೀನದ ಬುಡಕ್ಕೆ ಉಗೀತಿದ್ದೆ. ಸರೋಜ ಒಂದಿನ ನೋಡಿಬಿಟ್ಲು.

"ಆ ಡಬ್ಬದ ಪುದೀನ ನಿಮಗೆ ಮಾತ್ರ ಅತ್ತೆ. ನಮ್ಮ ಚಟ್ನಿಗೆ ಬೇಡ."

"ಅದೇ ಚೆನ್ನಾಗಿ ಬಂದಿರೋದು, ನೋಡೇ."

ಮೊದಲ ಸಲ ಅನ್ನದ ಮೇಲೆ ಕೊತ್ತಂಬರಿ ಹೆಚ್ಚಿ ಹಾಕಿ, ಪುದೀನ ಅರೆದು, ನಿಂಬೆ ಹಿಂಡಿ ಉಂಡಾಗ ತಟ್ಟೆ ಖಾಲಿ ಆಯ್ತು. ಸರೋಜ ತಟ್ಟೆ ತಗೊಂಡು ಒಳಗೆ ಹೋದ್ಲು. ಪಾತ್ರೆ ತೊಳೆಯೋ ಕಡೆಯಿಂದ ಮೂಗು ಸೊರ್ ಅಂದಿದ್ದು ಕೇಳಿಸ್ತು. ನೆಗಡಿ ಅಂದ್ಕೊಂಡೆ. ಹಾಗೆ ಅಂದ್ಕೊಳ್ಳೋದೇ ಇಬ್ಬರಿಗೂ ಒಳ್ಳೇದು.

ಹೊಲದಲ್ಲಿ ನಾವು ಸೊಪ್ಪನ್ನ ಬೇರು ಸಮೇತ ಕೀಳೋದು. ಇಲ್ಲಿ ಚಿವುಟೋದು ಕಲಿತೆ. ಮೇಲಿಂದ ಚಿವುಟಿದ್ರೆ ಕೆಳಗಿಂದ ಮತ್ತೆ ಬರ್ತದೆ. ದಿನಾ ಬೆಳಿಗ್ಗೆ ಎದ್ದು ಬಾಗಿಲು ತೆಗೆಯೋಕೆ ನನಗೆ ಒಂದು ಕಾರಣ ಆಯ್ತು. ತೂಕ ಏರಿತು. ಶೋಭ ಚಪ್ಪಾಳೆ ಹೊಡೆದ್ಲು. ಆಗ ನನ್ನ ಕೊಬ್ಬು ಮತ್ತೆ ಎದ್ದಿತು.

ಮಂಜನಿಗೆ ಹೇಳಿ ಥರ್ಮೋಕೋಲ್ ಡಬ್ಬ ತರಿಸಿದೆ. ದಂಟು, ಸಬ್ಬಸಿಗೆ ಬೀಜ ಚೆಲ್ಲಿದೆ. ಆ ಸಣ್ಣ ಜಾಗದಲ್ಲಿ ಸೊಪ್ಪು ಏನು ಬಂತು ಅಂತೀರಿ! ಒತ್ತೊತ್ತಾಗಿ, ಕಡು ಹಸಿರು. ಮನೆಗೆಲ್ಲ ಆಗೋ ಅಷ್ಟು. ಶೋಭ ಹೇಳಿದ್ದನ್ನ ಮರೆತಿರಲಿಲ್ಲ ನಾನು. ಹೆಚ್ಚಿದೆ. ಜಾಸ್ತಿ ನೀರಿಟ್ಟು, ಜೊತೆಗೆ ಒಂದು ಹಿಡಿ ಅಲಸಂದೆ ಕಾಳು ಹಾಕಿ ಬೇಯಿಸಿದೆ. ಬಸಿದೆ. ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದ್ಲು ಸರೋಜ.

ಬಸಿದ ನೀರಲ್ಲಿ ಬಸ್ಸಾರು ಮಾಡಿದ್ವಿ.

ನಮ್ಮ ಕಡೆ ಸೊಪ್ಪು ಬಸಿಯೋದೇ ಅದಕ್ಕೆ. ಬೆಂದ ಸೊಪ್ಪು ಒಂದು ಹಿಡಿ, ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಹುಣಸೆ, ಕಾಯಿ ಅರೆದು, ಆ ನೀರಿಗೆ ಹಾಕಿ ಕುದಿಸೋದು. ಸತ್ವ ಎಲ್ಲ ಆ ನೀರಲ್ಲೇ ಇರ್ತದೆ. ಹುಟ್ಟಿದಾಗಿಂದ ತಿಂದಿರೋದು, ಬಾಣಂತೀರಿಗೆ, ಮಕ್ಕಳಿಗೆ ಬಡಿಸಿರೋದು ಅದನ್ನೇ. ಉಪ್ಪು ಮಾತ್ರ ನನ್ನ ಪಾಲಿಗೆ ಹಾಕಲಿಲ್ಲ. ಬಹಳ ಹುಷಾರಾಗಿದ್ದೀನಿ ಅಂದ್ಕೊಂಡೆ. ಪುಟ್ಟ ಮುದ್ದೆ ಮುರಿದು ಅದರಲ್ಲಿ ಅದ್ದಿ ಉಂಡಾಗ ನನ್ನ ಮನೆಗೆ ನಾನು ವಾಪಸ್ ಬಂದ ಹಾಗೆ ಆಯ್ತು. ಮಾರನೇ ದಿನ ಮಿಕ್ಕಿದ್ದನ್ನೂ ಉಂಡೆ. ಬಿಸಿ ಮಾಡಿದ ಬಸ್ಸಾರು ಮೊದಲ ದಿನಕ್ಕಿಂತ ರುಚಿ. ಅದರ ಮರುದಿನ ಇನ್ನೊಂದು ಡಬ್ಬದ ಸೊಪ್ಪು ಕುಯ್ದೆ.

ಭಾನುವಾರ ಬಕೆಟ್ಟು ಎಳೆಯೋಕೆ ಹೋದೆ. ಕಾಲು ಬರಲಿಲ್ಲ. ನೋವಿಲ್ಲ, ಏನಿಲ್ಲ, ಕಾಲು ನನ್ನದೇ ಅಲ್ಲ ಅನ್ನೋ ಹಾಗೆ. ಬಾಗಿಲ ಹತ್ರ ಕುಸಿದೆ. ನಾಲಿಗೆ ಸುತ್ತ ಜುಂ ಜುಂ. ಎದೆ ಒಂದು ಸಲ ಹೊಡ್ಕೊಂಡು, ಇನ್ನೊಂದು ಸಲ ಹೊಡೆಯೋದಾ ಬೇಡವಾ ಅಂತ ಯೋಚನೆ ಮಾಡ್ತಿರೋ ಹಾಗೆ. ಮಂಜ ನನ್ನ ಎತ್ಕೊಂಡು ಮೆಟ್ಟಿಲು ಇಳಿದ. ನಾನು ಎತ್ತಿ ಆಡಿಸಿದ ಮಗ. ಅವನ ಎದೆ ಬಡ್ಕೊಳ್ಳೋದು ನನ್ನ ಕಿವಿಗೆ ಕೇಳ್ತಿತ್ತು, ನಂದು ಕೇಳ್ತಿರಲಿಲ್ಲ. ಹಿಂದೆ ಸರೋಜ ಬರಿಗಾಲಲ್ಲಿ ಓಡಿ ಬಂದ್ಲು.

ಎದೆಗೆ ವೈರು ಅಂಟಿಸಿದ್ರು. ಏನೇನೋ ಇಂಜೆಕ್ಷನ್. ಡಾಕ್ಟ್ರು ಜೋರಾಗಿ ಮಾತಾಡ್ತಿದ್ರು, ಅವರು ಯಾವತ್ತೂ ಜೋರಾಗಿ ಮಾತಾಡೋರಲ್ಲ. ರಜಾ ದಿನವೇ ಶೋಭನ್ನ ಕರೆಸಿ ಮಿಷನ್ನಿಗೆ ಹಾಕಿದ್ರು. ಫ್ಯಾನ್ ಕಾಣ್ತಿತ್ತು. ಆ ಸೊಟ್ಟ ರೆಕ್ಕೆ ಒಂದೇ ನನ್ನ ಹಿಡ್ಕೊಂಡಿರೋದು ಅನ್ಸಿತು. ಅದನ್ನ ಬಿಟ್ರೆ ಹೋದೆ.

ಹೋಗಲಿಲ್ಲ. ಸಂಜೆ ಹೊತ್ತಿಗೆ ಕಾಲು ನನ್ನದಾಯ್ತು. ಶೋಭ ಸ್ಟೂಲ್ ಎಳ್ಕೊಂಡು ಕೂತ್ಲು. ಅವಳ ಮುಖ ಬೆವೆತು ಹೋಗಿತ್ತು.

"ಏನು ತಿಂದ್ರಿ ಅಜ್ಜಿ? ನಿಜ ಹೇಳಿ. ಎಳನೀರು ಕುಡಿದ್ರಾ?"

"ಇಲ್ಲ. ನೀನು ಹೇಳಿದ ಹಾಗೇ ಮಾಡ್ದೆ. ಸೊಪ್ಪು ಹೆಚ್ಚಿ, ಬೇಯಿಸಿ, ಬಸಿದೆ."

"ಬಸಿದ ನೀರು ಏನು ಮಾಡಿದ್ರಿ?"

"ಸಾರು ಮಾಡ್ದೆ. ಇನ್ನೇನು ಮಾಡ್ತಾರೆ?"

ಶೋಭ ಎರಡು ಕೈಲೂ ಮುಖ ಮುಚ್ಕೊಂಡ್ಲು. ನಗ್ತಿದ್ದಾಳೋ ಅಳ್ತಿದ್ದಾಳೋ ಗೊತ್ತಾಗಲಿಲ್ಲ. ಅವಳು ಮಂಗಳೂರು ಕಡೆಯೋಳು. ಸೊಪ್ಪು ಬಸಿದ್ರೆ ನೀರು ಚೆಲ್ತಾರೆ ಅಂತಲೇ ಅವಳು ತಿಳ್ಕೊಂಡಿದ್ದು. ಸೊಪ್ಪಿನ ಉಪ್ಪೆಲ್ಲ ಆ ನೀರಿಗೆ ಇಳೀತದೆ, ಅದಕ್ಕೇ ಬಸಿಯೋದು ಅಂತ ಆಗ ಹೇಳಿದ್ಲು. ಯಾರ ತಪ್ಪೂ ಅಲ್ಲ. ಅವಳು ಹೇಳಿದ್ದು ಸರಿ, ನಾನು ಮಾಡಿದ್ದು ನಮ್ಮವ್ವ ಕಲಿಸಿದ ಹಾಗೆ.

ಮನೆಗೆ ಬಂದ ದಿನ ಮಂಜ ಸೀದಾ ಬಕೆಟ್ಟಿನ ಹತ್ರ ಹೋದ. ಎರಡು ಕೈಗೆ ಎರಡು ಎತ್ತಿಕೊಂಡ.

"ಎಲ್ಲೋ ತಗೊಂಡೋಗ್ತೀಯ?"

"ತಿಪ್ಪೆಗೆ. ನಿನ್ನ ಸೊಪ್ಪೂ ಬೇಡ, ನಿನ್ನ ರುಚಿಯೂ ಬೇಡ. ನೀನು ಇದ್ರೆ ಸಾಕು."

ನಾನು ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಿದ್ದೆ. ಜಗಳಕ್ಕೆ ಶಕ್ತಿ ಇರಲಿಲ್ಲ. ಅವನು ಹೇಳೋದೂ ಸರಿ ಅನ್ನಿಸ್ತಿತ್ತು. ಆದರೆ ಆ ಬಕೆಟ್ಟು ಹೋದ್ರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಸುಣ್ಣ, ಮತ್ತೆ ನಾನು ತಟ್ಟೆ ತಳ್ತೀನಿ, ಅದೂ ಗೊತ್ತಿತ್ತು. ಅಡ್ಡ ಬಂದಿದ್ದು ಸರೋಜ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತುಬಿಟ್ಲು.

"ಕೆಳಗಿಡ್ರೀ. ಗಿಡ ಏನು ಮಾಡ್ತು? ಮಾಡಿದ್ದು ನೀರು. ಆ ಸಾರಿಗೆ ಒಗ್ಗರಣೆ ಹಾಕಿದ್ದು ನಾನು, ನನ್ನನ್ನೂ ತಿಪ್ಪೆಗೆ ಹಾಕ್ತೀರಾ?"

ಮಂಜ ನಿಂತ.

"ಅತ್ತೆ ಊಟ ಬಿಟ್ಟಾಗ ಎದುರಿಗೆ ತಟ್ಟೆ ಹಿಡ್ಕೊಂಡು ನಿಂತಿದ್ದು ನಾನು, ನೀವು ಶಿಫ್ಟಲ್ಲಿ ಇದ್ರಿ. ಅದನ್ನ ಇನ್ನೊಂದು ಸಲ ನೋಡೋಕೆ ಆಗಲ್ಲ ನನಗೆ. ಇನ್ಮೇಲೆ ಬಸಿಯೋದು ನಾನು. ನೀರು ನಮಗೆ, ಸೊಪ್ಪು ಅತ್ತೆಗೆ. ಮುಗೀತು."

ಬಕೆಟ್ಟು ಕೆಳಗಿಟ್ಟ. ಇಟ್ಟ ರಭಸಕ್ಕೆ ಒಂದು ಕೊತ್ತಂಬರಿ ಗಿಡ ವಾಲಿತು. ಬಗ್ಗಿ ಅದನ್ನ ನೆಟ್ಟಗೆ ಮಾಡಿ ಒಳಗೆ ಹೋದ.

ಅವತ್ತಿಂದ ನಮ್ಮನೇಲಿ ಅದೇ ನಡೆದಿದೆ. ಡಾಕ್ಟ್ರನ್ನ ಕೇಳಿದ್ವಿ. ಅಪರೂಪಕ್ಕೆ, ಎರಡು ನೀರಲ್ಲಿ ಬೇಯಿಸಿ, ಸ್ವಲ್ಪ ಅಂದ್ರು. ರಕ್ತ ಟೆಸ್ಟು ಸರಿ ಬಂದಿರೋ ವಾರ ಮಾತ್ರ ಸೊಪ್ಪು. ಸರೋಜ ಬಸೀತಾಳೆ. ಕಾಳು ಅವರ ಪಾಲಿಗೆ ಹೋಗ್ತದೆ. ಹಿಂಡಿದ ಸೊಪ್ಪು ನನಗೆ, ಮೇಲೆ ಹಸಿ ಕೊತ್ತಂಬರಿ ಚಿವುಟಿ ಹಾಕಿ. ಅದಕ್ಕೆ ಸತ್ವ ಇಲ್ಲ, ಒದ್ದೆ ಬಟ್ಟೆ ಅಗಿದ ಹಾಗೆ ಇರ್ತದೆ, ಸುಳ್ಳು ಹೇಳಲ್ಲ. ಕೊತ್ತಂಬರಿ ಅದನ್ನ ಇಳಿಸ್ತದೆ. ಎದುರಿಗೆ ಅವರಿಬ್ಬರೂ ಬಸ್ಸಾರಲ್ಲಿ ಮುದ್ದೆ ಮುಳುಗಿಸಿ ಉಣ್ತಾರೆ. ಮೊದಲ ದಿನ ಮಂಜ ತಟ್ಟೆ ತಗೊಂಡು ಒಳಗಿನ ಕೋಣೆಗೆ ಹೋಗೋಕೆ ಎದ್ದ. "ಇಲ್ಲೇ ಕೂತ್ಕೋ, ವಾಸನೆ ಆದರೂ ಬರಲಿ" ಅಂದೆ. ವಾಸನೆಯಿಂದ ಏನೂ ಏರಲ್ಲ ಅಂತ ಶೋಭ ಹೇಳಿದ್ದಾಳೆ. ಹಂಡೆಗಟ್ಟಲೆ ಸೊಪ್ಪು ಬಸಿದು ಊರಿಗೆ ಬಡಿಸಿದೋಳು ನಾನು, ಈಗ ನನ್ನ ಮನೆ ಬಸ್ಸಾರನ್ನ ಮೂಗಲ್ಲಿ ಉಣ್ತೀನಿ. ಅಭ್ಯಾಸ ಆಗ್ತದೆ. ಪೂರ್ತಿ ಆಗಲ್ಲ.

ಗೌಸ್ ಸಾಬ್ರಿಗೆ ಈ ಕತೆ ಹೇಳಿದಾಗ ಸೂಜಿ ಅಲ್ಲಾಡೋ ಹಾಗೆ ನಕ್ಕಿದ್ರು. ಶೋಭ ಗದರಿದ್ಲು. ನಕ್ಕು ಸುಸ್ತಾಗಿ, "ನನ್ನ ಮನೆ ಪುದೀನ ಒಣಗಿ ಹೋಯ್ತಮ್ಮ. ಬೀಬಿಗೆ ನನ್ನ ನೋಡ್ಕೊಳ್ಳೋದೇ ಆಯ್ತು. ಒಂದು ಬೇರು ಕೊಡು" ಅಂದ್ರು. ಅವರು ಕೊಟ್ಟಿದ್ದೇ ತಾನೇ. ಒಂದು ಮೊಸರಿನ ಡಬ್ಬಕ್ಕೆ ಬೇರು ಸಮೇತ ನೆಟ್ಟೆ. ಉಗಿದ ಡಬ್ಬದ್ದಲ್ಲ, ಇನ್ನೊಂದರದ್ದು. ಚಿಗುರು ಬರಲಿ ಅಂತ ಕೆಲವು ದಿನ ಕಾದೆ. ಕಾಯಬಾರದಿತ್ತು.

ತಗೊಂಡು ಹೋದ ದಿನ ಅವರ ಹಾಸಿಗೆಗೆ ಹೊಸ ಶೀಟು ಹಾಕಿತ್ತು. ಶೀಟು ನೋಡಿದ್ರೆ ಇಲ್ಲಿ ಎಲ್ರಿಗೂ ಗೊತ್ತಾಗ್ತದೆ, ಯಾರೂ ಕೇಳಲ್ಲ. ಮನೇಲೇ ಮಲಗಿದ್ದಲ್ಲೇ ಹೋದ್ರು ಅಂದ್ಲು ಶೋಭ. ಮೊಸರಿನ ಡಬ್ಬ ಹೊಟ್ಟೆ ಮೇಲೆ ಇಟ್ಕೊಂಡೇ ಸೂಜಿ ಹಾಕಿಸ್ಕೊಂಡೆ. ಮೇಲೆ ಫ್ಯಾನ್ ನೋಡಿದೆ. ಅವತ್ತು ಹೊತ್ತು ಸರೀಲಿಲ್ಲ. ಡಬ್ಬ ಮನೆಗೆ ವಾಪಸ್ ತಂದೆ. ಬೇರೆ ಯಾವುದಕ್ಕೂ ಬಳಸಬೇಡ ಅಂತ ಸರೋಜಂಗೆ ಹೇಳಿದೆ.

ಸುಮಾರು ದಿನ ಆದ ಮೇಲೆ ಆ ಹಾಸಿಗೆಗೆ ಒಬ್ಬ ಹೆಂಗಸು ಬಂದ್ಲು. ಬೂದಿಗೆರೆ ಕಡೆಯೋಳು, ಸರೋಜಗಿಂತ ಒಂದೆರಡು ವರ್ಷ ದೊಡ್ಡೋಳು ಇರಬಹುದು. ಇಷ್ಟು ದಿನ ಬೆಂಗಳೂರಲ್ಲಿ ಮಾಡಿಸ್ಕೊಳ್ತಿದ್ಲಂತೆ, ಈಗ ಹತ್ರ ಆಗ್ತದೆ ಅಂತ ಇಲ್ಲಿಗೆ ಬಂದಿದ್ದಾಳೆ. ಪೈಪಲ್ಲಿ ರಕ್ತ ಹರಿಯೋದು ನೋಡಿ ಕಣ್ಣಲ್ಲಿ ನೀರು ಸುರಿಸ್ತಿದ್ಲು, ಸದ್ದಿಲ್ಲದೆ.

"ಅದನ್ನ ನೋಡಬೇಡವ್ವ. ಮೇಲೆ ಫ್ಯಾನ್ ನೋಡು. ಒಂದು ರೆಕ್ಕೆ ಸೊಟ್ಟ" ಅಂದೆ.

ನೋಡಿದ್ಲು. ಸೆರಗಲ್ಲಿ ಮುಖ ಒರೆಸ್ಕೊಂಡ್ಲು. ಊಟ ಸೇರ್ತದಾ ಅಂತ ಕೇಳಿದೆ.

"ಎಲ್ಲಿ ಸೇರ್ತದೆ ಅಜ್ಜಿ, ಉಪ್ಪಿಲ್ಲ ಏನಿಲ್ಲ. ಸೊಪ್ಪು ಒಂದು ಹೆಂಗೋ ಇಳೀತದೆ. ಬೇಯಿಸಿ ಬಸಿದು ತಿನ್ನಿ ಅಂತ ಅಲ್ಲಿ ಹೇಳಿದ್ರು. ಹಂಗೇ ಮಾಡ್ತಿದ್ದೀನಿ."

ಶೋಭ ಪಕ್ಕದಲ್ಲೇ ಹತ್ತಿ ಮಡಿಚ್ತಿದ್ಲು. ಅವಳ ಕೈ ನಿಂತಿತು.

"ಬಸಿದ ನೀರು?" ಅಂದೆ ನಾನು.

ಆ ಹೆಂಗಸು ನನ್ನನ್ನ ಯಾವ ಊರಿನವಳು ಇವಳು ಅನ್ನೋ ಹಾಗೆ ನೋಡಿದ್ಲು.

"ಬಸ್ಸಾರು ಮಾಡ್ತೀವಿ. ಇನ್ನೇನು ಮಾಡ್ತಾರೆ ಅಜ್ಜಿ?"

ನನ್ನ ಕೈಲಿ ಸೂಜಿ, ಅವಳ ಕೈಲಿ ಸೂಜಿ. ಎದ್ದು ಹೋಗಿ ಅವಳ ತೋಳು ಹಿಡಿಯೋ ಹಾಗಿರಲಿಲ್ಲ. ಮಲಗಿದ್ದಲ್ಲೇ ಮುಖ ಆ ಕಡೆ ತಿರುಗಿಸಿದೆ.

"ಮನೇಲಿ ಯಾರ್ಯಾರು ಇದ್ದಾರವ್ವ?"

"ಗಂಡ. ಇಬ್ಬರು ಮಕ್ಕಳು."

"ಸಾರು ಅವರಿಗೆ ಹಾಕು. ಸೊಪ್ಪು ನೀನು ತಿನ್ನು. ಒಂದು ಸೌಟೂ ನೀನು ಮುಟ್ಟಬೇಡ, ನಿನ್ನ ಮಕ್ಕಳಾಣೆ. ಯಾಕೆ ಅಂತ ಆಮೇಲೆ ಹೇಳ್ತೀನಿ, ನಮಗೆ ಇಲ್ಲಿ ಹೊತ್ತು ಬೇಕಾದಷ್ಟಿದೆ. ಬರೋ ಸಲಕ್ಕೆ ನಿನಗೊಂದು ಪುದೀನ ಡಬ್ಬ ತರ್ತೀನಿ. ನಂದಲ್ಲ ಅದು. ಆ ಹಾಸಿಗೇಲಿ ಇದ್ದೋರದ್ದು."